ಶೋಕ ಮಿಥ್ಯವಲ್ಲ: ಕರಾವಳಿಯ ಮೂರು ಪಠ್ಯಗಳಲ್ಲಿ ಒಡಹುಟ್ಟು ಮತ್ತು ಆತ್ಮಶೋಧ

ಕನ್ನಡ ಅಧ್ಯಯನ ವಿಭಾಗಗಳಲ್ಲಿ ಶೋಕದ ಮಾತು ಬಂದಾಗಲೆಲ್ಲ ನಾವು ಅದನ್ನು ಕರುಣರಸದ ಸ್ಥಾಯಿಭಾವವೆಂದು ಗುರುತಿಸಿ, ಹಳಗನ್ನಡ ಕಾವ್ಯಗಳ ಪ್ರಲಾಪ ಪ್ರಸಂಗಗಳನ್ನು ಉದಾಹರಿಸಿ ಮುಂದಕ್ಕೆ ಸಾಗುತ್ತೇವೆ. ಪ್ರಲಾಪಕ್ಕೆ ಮಾತಿದೆ, ಛಂದಸ್ಸಿದೆ, ಕೇಳುವ ಸಭೆಯಿದೆ. ಅಳದವನ ಶೋಕಕ್ಕೆ ಇವು ಯಾವುವೂ ಇಲ್ಲ. ಅದರಲ್ಲಿಯೂ ಒಡಹುಟ್ಟಿದವರ ನಡುವೆ ಮಾತು ನಿಂತುಹೋದಾಗ ಉಳಿಯುವ ಶೋಕವನ್ನು ಹಿಡಿಯಬಲ್ಲ ಪರಿಭಾಷೆಯೊಂದನ್ನು ನಮ್ಮ ವಿಮರ್ಶೆ ಇನ್ನೂ ರೂಪಿಸಿಕೊಂಡಂತಿಲ್ಲ. ಉಡುಪಿಯ ಹಿನ್ನೆಲೆಯ ಇತ್ತೀಚಿನ ಚಲನಚಿತ್ರವೊಂದನ್ನು ಇದೇ ಪರಿಸರದ ಎರಡು ಹಳೆಯ ಪಠ್ಯಗಳೊಂದಿಗೆ ಮುಖಾಮುಖಿಯಾಗಿಸಿ ಈ ಕೊರತೆಯನ್ನು ಚರ್ಚಿಸುವುದು ಪ್ರಸ್ತುತ ಬರಹದ ಉದ್ದೇಶ.

ಸುಮಂತ್ ಭಟ್ ಅವರು ನಿರ್ದೇಶಿಸಿದ 'ಮಿಥ್ಯ' 2023ರಲ್ಲಿ ಮುಂಬೈ ಚಲನಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶನಗೊಂಡು, 2025ರ ಮಾರ್ಚ್‌ನಲ್ಲಿ ಚಿತ್ರಮಂದಿರಗಳಿಗೆ ಬಂದಿತು. ಹನ್ನೊಂದು ವರ್ಷದ ಹುಡುಗನೊಬ್ಬ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು, ಮುಂಬಯಿಯಿಂದ ಉಡುಪಿಯ ಬಂಧುಗಳ ಮನೆಗೆ ಬರುತ್ತಾನೆ. ಅವನಿಗೊಬ್ಬಳು ಪುಟ್ಟ ತಂಗಿ. ಹುಡುಗನ ಹೆಸರು ಮಿಥುನ್; ಮಿಥ್ಯ ಎಂಬುದು ಕರೆಯುವ ಹೆಸರು. ಬಾಲಕನಾಗಿ ಆತಿಶ್ ಶೆಟ್ಟಿ, ಆಶ್ರಯ ಕೊಟ್ಟ ಮನೆಯ ಯಜಮಾನನಾಗಿ ಪ್ರಕಾಶ್ ತೂಮಿನಾಡು ಅಭಿನಯಿಸಿದ್ದಾರೆ. ಚಿತ್ರದ ನಡೆ ನಿಧಾನವಾದುದು, ಮಾತು ಮಿತವಾದುದು. ಮಗು ತನ್ನ ದುಃಖವನ್ನು ವಿವರಿಸುವುದಿಲ್ಲ. ಸುತ್ತಲಿನ ದೊಡ್ಡವರಿಗೂ ಅದನ್ನು ಕೇಳಿ ತಿಳಿಯುವ ಭಾಷೆ ಗೊತ್ತಿಲ್ಲ. ಕಥಾವಸ್ತುವಿನ ದೃಷ್ಟಿಯಿಂದ ಇದು ಒಡಹುಟ್ಟಿದವರ ವೈಮನಸ್ಸಿನ ಚಿತ್ರವಲ್ಲ. ಆದರೆ ತಂದೆ ತಾಯಿಯಿಲ್ಲದ ಮನೆಯಲ್ಲಿ ಅಣ್ಣ ತಂಗಿಯರೆಂದರೆ ಏನು, ಒಬ್ಬರ ಶೋಕವನ್ನು ಇನ್ನೊಬ್ಬರು ಹೊರಬಲ್ಲರೇ ಎಂಬ ಪ್ರಶ್ನೆಗಳನ್ನು ಅದು ನಮ್ಮೆದುರು ಇಡುತ್ತದೆ.

ಶೀರ್ಷಿಕೆಯ ಪದವನ್ನು ಉಡುಪಿಯಲ್ಲಿ ನಿಂತು ಕೇಳಿಸಿಕೊಳ್ಳಬೇಕು. 'ಮಿಥ್ಯಾತ್ವಾನುಮಾನ ಖಂಡನ' ಎಂಬ ಗ್ರಂಥವನ್ನೇ ರಚಿಸಿ, ಜಗತ್ತು ಸತ್ಯವೆಂದೂ ಭೇದ ಸತ್ಯವೆಂದೂ ಪ್ರತಿಪಾದಿಸಿದ ಮಧ್ವಾಚಾರ್ಯರ ಊರಿದು. ಜೀವ ಜೀವಗಳ ನಡುವಿನ ಭೇದವೂ ಅವರ ಪಂಚಭೇದಗಳಲ್ಲಿ ಒಂದು. ನಿರ್ದೇಶಕರ ಮನಸ್ಸಿನಲ್ಲಿ ಈ ವಾಗ್ವಾದವಿತ್ತೆಂದು ನಾನು ಹೇಳುತ್ತಿಲ್ಲ. ಆದರೆ 'ಕಾಲ ಕಳೆದಂತೆ ಎಲ್ಲವೂ ಸರಿಹೋಗುತ್ತದೆ' ಎಂದು ಸಮಾಧಾನ ಹೇಳುವ ಲೋಕರೂಢಿಯು ಮಗುವಿನ ಶೋಕವನ್ನು ಒಂದು ಬಗೆಯ ಮಿಥ್ಯವೆಂದೇ ಎಣಿಸುತ್ತದೆ. ಚಿತ್ರ ಅದನ್ನು ಒಪ್ಪುವುದಿಲ್ಲ. ಆ ಶೋಕ ಸತ್ಯ. ಬೇರೆಯವರ ಶೋಕಕ್ಕಿಂತ ಭಿನ್ನವೂ ಹೌದು.

ಇಲ್ಲಿಂದ ಸಿರಿ ಪಾಡ್ದನಕ್ಕೆ ದೂರವಿಲ್ಲ. ಮಣಿಪಾಲದಿಂದ ಕಾರ್ಕಳದ ಕಡೆಗೆ ಹೊರಟರೆ ಹಿರಿಯಡಕ, ಕಾಪುವಿನ ಸಮೀಪದಲ್ಲಿ ಪಾಂಗಾಳ. ಎರಡೂ ಸಿರಿ ಆರಾಧನೆಯ ನೆಲೆಗಳು. ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ಸಹಯೋಗದಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. 15,683 ಸಾಲುಗಳ ಆ ಕಥನದ ಕೊನೆಯ ಪೀಳಿಗೆಯವರು ಅಬ್ಬಗ ದಾರಗರೆಂಬ ಅವಳಿ ಹೆಣ್ಣುಮಕ್ಕಳು. ಹಿರಿಯರಿಲ್ಲದ ಹೊತ್ತಿನಲ್ಲಿ ಅವರಿಬ್ಬರೂ ಚೆನ್ನೆಮಣೆ ಆಡಲು ಕೂರುತ್ತಾರೆ. ಆಟ ಜಗಳವಾಗುತ್ತದೆ. ಅಬ್ಬಗ ಆ ಮಣೆಯಿಂದಲೇ ತಂಗಿಗೆ ಹೊಡೆಯುತ್ತಾಳೆ; ದಾರಗ ಸಾಯುತ್ತಾಳೆ; ಅಬ್ಬಗ ಬಾವಿಗೆ ಹಾರುತ್ತಾಳೆ. ಪಾಠಾಂತರಗಳು ಹಲವಿದ್ದರೂ ಕಥೆಯ ತಿರುಳು ಇಷ್ಟು. ಮರೆತ ಹರಕೆಯ ಫಲವಿದೆಂದು ಪಾಡ್ದನ ಕಾರಣ ಕೊಡುತ್ತದೆ. ತಂಗಿಯ ಹೆಣದ ಮುಂದೆ ಅಬ್ಬಗಳಿಗೆ ದೀರ್ಘ ಪ್ರಲಾಪಕ್ಕೆ ಎಡೆಯೇ ಇಲ್ಲ ಎಂಬುದು ಮುಖ್ಯ.

ಅಲ್ಲಿ ಆಗದ ಪ್ರಲಾಪ ಆಲಡೆಯಲ್ಲಿ ಆಗುತ್ತದೆ. ಸಿರಿ ಜಾತ್ರೆಯ ಹುಣ್ಣಿಮೆಯ ರಾತ್ರಿ ಆವೇಶಗೊಂಡ ಹೆಣ್ಣುಮಕ್ಕಳನ್ನು ಕುಮಾರನ ಪಾತ್ರಿಯು 'ನೀನು ಯಾರು' ಎಂಬ ಅರ್ಥದಲ್ಲಿ ಮತ್ತೆ ಮತ್ತೆ ಕೇಳುತ್ತಾನೆ. ಸಿರಿ, ಸೊನ್ನೆ, ಗಿಂಡೆ, ಅಬ್ಬಗ, ದಾರಗ ಇವರಲ್ಲಿ ತಾನು ಯಾರೆಂದು ಆಕೆ ಹೇಳುವವರೆಗೂ ಪ್ರಶ್ನೆ ನಿಲ್ಲುವುದಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಸಿರಿ ಆರಾಧನೆಯನ್ನು ಕುಟುಂಬ ಸಂಬಂಧಗಳ ಬಿಕ್ಕಟ್ಟಿನ ನೆಲೆಯಿಂದ ವಿವರಿಸಿದ್ದಾರೆ. ಆತ್ಮಶೋಧವೆಂಬುದು ಇಲ್ಲಿ ಏಕಾಂತದ ಕ್ರಿಯೆಯಲ್ಲ. ಇನ್ನೊಬ್ಬರು ಕೇಳಬೇಕು, ಹೆಸರು ಬಾಯಿಗೆ ಬರಬೇಕು, ಕೇಳಿದವರು ಅದನ್ನು ಒಪ್ಪಬೇಕು.

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿ ಎತ್ತರದ ಗೊಮ್ಮಟನೂ ಒಡಹುಟ್ಟಿನ ಕಥೆಯೇ. ನಾವು ಬಾಹುಬಲಿಯನ್ನು ತ್ಯಾಗದ ಪ್ರತಿಮೆಯಾಗಿ, ಏಕಾಂಗಿ ಸಾಧಕನಾಗಿ ಓದುತ್ತ ಬಂದಿದ್ದೇವೆ. ಆದರೆ ಪರಂಪರೆಯ ಕಥೆ ಹೇಳುವುದೇನು? ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದ ತಮ್ಮನು ರಾಜ್ಯವನ್ನು ಬಿಟ್ಟು ಒಂದು ವರ್ಷ ಕಾಯೋತ್ಸರ್ಗದಲ್ಲಿ ನಿಲ್ಲುತ್ತಾನೆ. ಬಳ್ಳಿ ಹಬ್ಬುತ್ತದೆ, ಹುತ್ತ ಬೆಳೆಯುತ್ತದೆ, ಜ್ಞಾನ ಮಾತ್ರ ಬರುವುದಿಲ್ಲ. ಒಳಗೊಂದು ಶಲ್ಯ ಉಳಿದಿದೆ. ಅಣ್ಣನ ನೆಲದ ಮೇಲೆ ನಿಂತಿದ್ದೇನೆಂಬ ಭಾವ ಅದೆಂದು ಕೆಲವು ಪಾಠಗಳು, ಅಣ್ಣನಿಗೆ ತನ್ನಿಂದಾದ ನೋವು ಅದೆಂದು ಕೆಲವು ಪಾಠಗಳು ಹೇಳುತ್ತವೆ. ಭರತ ಬಂದು ವಂದಿಸಿದ ಮೇಲೆಯೇ ಆ ಮುಳ್ಳು ಕೀಳುತ್ತದೆ, ಕೇವಲಜ್ಞಾನ ಲಭಿಸುತ್ತದೆ. ಒಂದು ವರ್ಷದ ತಪಸ್ಸಿಗೆ ಸಾಧ್ಯವಾಗದ್ದು ಅಣ್ಣನ ಒಂದು ಬರವಿನಿಂದ ಸಾಧ್ಯವಾಯಿತು. ಇದೇ ಸೀಮೆಯ ರತ್ನಾಕರವರ್ಣಿ 'ಭರತೇಶ ವೈಭವ'ದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯುದ್ಧವನ್ನೇ ತಪ್ಪಿಸಿ ಭರತನು ತಮ್ಮನನ್ನು ಮೆಲುನುಡಿಯಿಂದಲೇ ಗೆಲ್ಲುವಂತೆ ಮಾಡಿದನು. ಅಣ್ಣತಮ್ಮಂದಿರ ಮಾತು ನಿಲ್ಲಬಾರದೆಂಬ ಕಳಕಳಿ ಈ ಮಾರ್ಪಾಟಿನ ಹಿಂದೆ ಇರಬಹುದೆಂದು ನನ್ನ ಊಹೆ.

ಈ ಮೂರು ಪಠ್ಯಗಳನ್ನು ಒಟ್ಟಿಗೆ ಇಟ್ಟಾಗ ನಮ್ಮ ರೂಢಿಯ ಒಂದು ಗ್ರಹಿಕೆ ಅಲುಗಾಡುತ್ತದೆ. ಆತ್ಮಶೋಧವೆಂದರೆ ಕುಟುಂಬದಿಂದ ಬಿಡಿಸಿಕೊಂಡು ವ್ಯಕ್ತಿ ತನ್ನನ್ನು ತಾನು ಕಂಡುಕೊಳ್ಳುವುದು ಎಂಬ ಓದನ್ನು ನವ್ಯ ವಿಮರ್ಶೆ ನಮಗೆ ಕಲಿಸಿತು. ಅದರಿಂದ ದೊರೆತ ಲಾಭ ಸಣ್ಣದಲ್ಲ. ಆದರೆ ಅದೊಂದೇ ಮಾದರಿಯಾದುದರಿಂದ, ಮುರಿದ ಸಂಬಂಧದ ಒಳಗೆ ನಿಂತೇ ನಡೆಯುವ ಶೋಧ ನಮ್ಮ ಕಣ್ಣಿಗೆ ಬೀಳದೆ ಹೋಯಿತು. ಬಾಹುಬಲಿಗೆ ಭರತ ಬೇಕು. ಅಬ್ಬಗಳಿಗೆ ಆಲಡೆಯಲ್ಲಿ ಹೆಸರು ಕೇಳುವ ಕುಮಾರ ಬೇಕು. ಮಿಥ್ಯನಿಗೆ ತನ್ನ ಮೌನವನ್ನು ಸಹಿಸುವ ಮನೆ ಬೇಕು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಕುಟುಂಬವನ್ನು ಹೀಗೆ ಎತ್ತಿಹಿಡಿದರೆ ಅದರೊಳಗಿನ ಹಿಂಸೆಯನ್ನು ಮರೆಸಿದಂತಾಗುವುದಿಲ್ಲವೇ ಎಂಬುದು ಮೊದಲನೆಯದು. ಆಕ್ಷೇಪ ನ್ಯಾಯವಾದುದೇ. ಆದರೆ ಅಬ್ಬಗ ದಾರಗರ ಕಥೆ ಬರುವುದು, ಗಂಡನ ಮನೆಯ ಅನ್ಯಾಯವನ್ನು ಪ್ರತಿಭಟಿಸಿ ಹೊರನಡೆದ ಸಿರಿಯ ಕಥನದಲ್ಲಿಯೇ. ಮನ್ನಣೆಯನ್ನು ಬೇಡುವುದೂ ಮನೆಗೆ ಶರಣಾಗುವುದೂ ಒಂದೇ ಅಲ್ಲವೆಂಬುದನ್ನು ಪಾಡ್ದನ ಬಲ್ಲದು. ಚಲನಚಿತ್ರವನ್ನು ಮಾಧ್ಯಮ ವಿಭಾಗದವರು ನೋಡಿಕೊಳ್ಳಲಿ, ಕನ್ನಡ ವಿಭಾಗಕ್ಕೆ ಅದೇಕೆ ಎಂಬುದು ಎರಡನೆಯದು. ಪಾಡ್ದನವೂ ಒಂದು ಕಾಲಕ್ಕೆ ಹೀಗೆಯೇ ನಮ್ಮ ಬಾಗಿಲ ಹೊರಗಿತ್ತು. ಅದು ಒಳಗೆ ಬಂದ ಮೇಲೆ ನಮ್ಮ ಸಾಹಿತ್ಯ ಚರಿತ್ರೆ ಹಿಗ್ಗಿತೇ ಹೊರತು ಕುಗ್ಗಲಿಲ್ಲ.

ಸ್ನಾತಕೋತ್ತರ ತರಗತಿಯಲ್ಲಿ ಆದಿಪುರಾಣದ ಭರತ ಬಾಹುಬಲಿ ಪ್ರಸಂಗ, ಸಿರಿ ಪಾಡ್ದನದ ಚೆನ್ನೆಮಣೆಯ ಭಾಗ ಮತ್ತು 'ಮಿಥ್ಯ' ಚಿತ್ರ ಇವು ಮೂರನ್ನೂ ಒಂದೇ ಘಟಕದಲ್ಲಿ ಬೋಧಿಸಲು ಸಾಧ್ಯವಿದೆ. ಮೂರರ ನಡುವೆ ಪ್ರಭಾವದ ಸಂಬಂಧವನ್ನು ಹುಡುಕುವ ಅಗತ್ಯವಿಲ್ಲ. ಮಾತಿಲ್ಲದ ಶೋಕವನ್ನು ಪ್ರತಿಯೊಂದೂ ಯಾವ ಉಪಾಯದಿಂದ ಕಾಣಿಸುತ್ತದೆ ಎಂದು ಕೇಳಿದರೆ ಸಾಕು: ಒಂದು ನಿಂತ ದೇಹದಿಂದ, ಒಂದು ಆಟದ ಮಣೆಯಿಂದ, ಒಂದು ಮಗುವಿನ ಮುಖದಿಂದ.

ಈ ವಿಷಯ ನನಗೆ ಪುಸ್ತಕದಿಂದಷ್ಟೇ ಬಂದುದಲ್ಲ ಎಂಬುದನ್ನು ಮರೆಮಾಚಬಾರದು. ತಾಯಿ ತೀರಿಕೊಂಡ ಮರುವರ್ಷ ಮನೆಯ ಪಾಲುಪಟ್ಟಿಯಾಯಿತು. ಅಂದಿನಿಂದ ಅಣ್ಣನೊಂದಿಗೆ ನನಗೆ ಮಾತಿಲ್ಲ. ಅಮ್ಮನ ಸಾವಿಗೆ ನಾವಿಬ್ಬರೂ ಅತ್ತದ್ದು ಬೇರೆ ಬೇರೆ ಮನೆಗಳಲ್ಲಿ. ಆಲಡೆಯಲ್ಲಿ ಕ್ಷೇತ್ರಕಾರ್ಯಕ್ಕೆಂದು ಕುಳಿತಿದ್ದ ರಾತ್ರಿ, 'ನೀನು ಯಾರು' ಎಂಬ ಪ್ರಶ್ನೆ ಕಿವಿಗೆ ಬಿದ್ದಾಗ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆಯಲು ಏನೂ ತೋಚಲಿಲ್ಲ. ಸಂಶೋಧಕನ ದುಃಖ ಸಂಶೋಧನೆಗೆ ಪ್ರಮಾಣವಲ್ಲ, ನಿಜ. ಆದರೆ ತರಗತಿಯಲ್ಲಿ ನಮ್ಮೆದುರು ಕೂರುವ ವಿದ್ಯಾರ್ಥಿಗಳಲ್ಲಿಯೂ ಇಂತಹ ಮೌನವನ್ನು ಹೊತ್ತು ಬಂದವರು ಇದ್ದೇ ಇರುತ್ತಾರೆ. ಅವರಿಗೆ ಕರುಣರಸದ ಲಕ್ಷಣವನ್ನು ಹೇಳಿಕೊಡುವಷ್ಟಕ್ಕೆ ನಮ್ಮ ಹೊಣೆ ಮುಗಿಯುವುದಿಲ್ಲ.