ಕ್ಯಾಪ್ಟನ್ ನೆಮೊನ ಮುಖ

ವೈಜ್ಞಾನಿಕ ಕಾದಂಬರಿಗಳಿಗೆ ಚಿತ್ರಗಳು ಬೇಕೇ, ಅವುಗಳಿಂದ ಕೃತಿಯ ಬೆಲೆ ಹೆಚ್ಚುವುದೇ ಎಂಬ ಪ್ರಶ್ನೆ ಮೇಲುನೋಟಕ್ಕೆ ಚಿಕ್ಕದು. ಚಿತ್ರವಿದ್ದರೆ ಮಕ್ಕಳು ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಾರೆ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಕೈಗೆತ್ತಿಕೊಳ್ಳುವುದು ಬೇರೆ, ಮನಸ್ಸಿಗೆ ತೆಗೆದುಕೊಳ್ಳುವುದು ಬೇರೆ. ಅಧ್ಯಾಪಕ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಸೂತ್ರಗಳಲ್ಲೊಂದು ‘ತಿಳಿದುದರಿಂದ ತಿಳಿಯದುದರ ಕಡೆಗೆ’ ಎಂಬುದು. ವೈಜ್ಞಾನಿಕ ಕಾದಂಬರಿಯಾದರೋ ಯಾರೂ ಕಾಣದುದನ್ನೇ ಹೇಳಹೊರಟ ಸಾಹಿತ್ಯ ಪ್ರಕಾರ. ಕಾಣದುದಕ್ಕೆ ಬರೆದ ಚಿತ್ರ ಯಾರ ಕಲ್ಪನೆ, ಲೇಖಕನದೋ ಚಿತ್ರಕಾರನದೋ?

ಫ್ರಾನ್ಸಿನ ಜೂಲ್ ವರ್ನನ ಕೃತಿಗಳನ್ನು ನೋಡೋಣ. ಅವನ ಪ್ರಕಾಶಕ ಪ್ಯಾರಿಸ್ಸಿನ ಹೆಟ್ಜೆಲ್ ಚಿತ್ರಗಳ ಮಹಿಮೆಯನ್ನು ಬಲ್ಲವನು. ಭೂಗರ್ಭ ಯಾತ್ರೆಯ ಕಾದಂಬರಿ 1864ರಲ್ಲಿ ಚಿತ್ರಗಳಿಲ್ಲದೆ ಹೊರಬಂದಿತು. 1867ರಲ್ಲಿ ರಿಯು ಎಂಬ ಕಲಾವಿದನ ಚಿತ್ರಗಳೊಡನೆ ಮತ್ತೆ ಅಚ್ಚಾಯಿತು. ಸಮುದ್ರದಡಿಯ ಇಪ್ಪತ್ತು ಸಾವಿರ ಲೀಗುಗಳ ಪ್ರಯಾಣದ ಕಾದಂಬರಿಯ 1871ರ ಆವೃತ್ತಿಯಲ್ಲಿ ರಿಯು ಮತ್ತು ನವಿಲ್ ಎಂಬ ಇಬ್ಬರು ಬರೆದ 111 ಚಿತ್ರಗಳಿದ್ದವು. ಕಲಾವಿದರು ಬರೆದುದನ್ನು ಕುಶಲಕರ್ಮಿಗಳು ಮರದ ಅಚ್ಚಿನಲ್ಲಿ ಕೊರೆಯುತ್ತಿದ್ದರು. ಆ ಗೆರೆಗಳ ಸೂಕ್ಷ್ಮತೆಯನ್ನು ಇಂದಿಗೂ ಮೆಚ್ಚಬೇಕು.

ಈ ಚಿತ್ರಗಳಿಂದ ಲಾಭವಿದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ನಾಟಿಲಸ್ ಎಂಬ ಆ ಜಲಾಂತರ್ಗಾಮಿಯ ಉದ್ದ 70 ಮೀಟರು, ಅತ್ಯಂತ ಅಗಲವಾದ ಭಾಗದಲ್ಲಿ 8 ಮೀಟರು ಎಂದು ವರ್ನ್ ಲೆಕ್ಕ ಕೊಡುತ್ತಾನೆ. ನಮ್ಮ ಜತ್ತ ತಾಲೂಕಿನ ಮಕ್ಕಳು ಬರವನ್ನು ಬಲ್ಲರು, ಬತ್ತಿದ ಬಾವಿಯನ್ನು ಬಲ್ಲರು. ಅವರಲ್ಲಿ ಸಮುದ್ರ ಕಂಡವರು ವಿರಳ. ಅಂಕಿಗಳನ್ನು ಓದಿದರೆ ಅವರ ಮುಖದಲ್ಲಿ ಯಾವ ಬದಲಾವಣೆಯೂ ಆಗುವುದಿಲ್ಲ. ಒಮ್ಮೆ ಶಾಲೆಯ ಬೇವಿನ ಮರದಿಂದ ರಸ್ತೆಯ ಕಡೆಗೆ 70 ಮೀಟರು ಹೆಜ್ಜೆ ಹಾಕಿಸಿ ತೋರಿಸಿದೆನು. ಉದ್ದ ತಿಳಿಯಿತು, ಆದರೆ ನೀರಿನೊಳಗೆ ಇರುವುದೆಂದರೇನು ಎಂಬುದು ತಿಳಿಯಲಿಲ್ಲ. ಅದನ್ನು ತಿಳಿಸಿದುದು ಹಡಗಿನ ಗಾಜಿನ ಕಿಟಕಿಯ ಚಿತ್ರ. ಈಚೆಗೆ ನಿಂತ ಮನುಷ್ಯಾಕೃತಿಗಳು, ಆಚೆಗೆ ಮೀನುಗಳು, ನಡುವೆ ಗಾಜು ಮಾತ್ರ. ಎರಡು ಪುಟದ ವರ್ಣನೆ ಮಾಡಲಾರದ ಕೆಲಸವನ್ನು ಆ ಒಂದು ಚಿತ್ರ ಮಾಡಿತು.

ಕೆಲವೊಮ್ಮೆ ಚಿತ್ರವು ಬರಹಕ್ಕಿಂತಲೂ ಸತ್ಯವಾಗಿರುವುದುಂಟು. ಚಂದ್ರನನ್ನು ಸುತ್ತಿಬರುವ ವರ್ನನ ಕಾದಂಬರಿಯಲ್ಲಿ ಪ್ರಯಾಣಿಕರು ಗುಂಡಿನೊಳಗೆ ತೇಲಾಡುವ ಚಿತ್ರವೊಂದಿದೆ. ಭೂಮಿ ಮತ್ತು ಚಂದ್ರರ ಸೆಳೆತ ಸಮವಾಗುವ ಬಿಂದುವಿನಲ್ಲಿ ಮಾತ್ರ ಹೀಗಾಗುತ್ತದೆಂದು ವರ್ನನ ವಿವರಣೆ. ಅದು ಸರಿಯಲ್ಲ. ಫಿರಂಗಿಯಿಂದ ಹೊರಟು ವಾಯುಮಂಡಲವನ್ನು ದಾಟಿದ ಮೇಲೆ ಗುಂಡೂ ಒಳಗಿನವರೂ ಒಂದೇ ರೀತಿಯಲ್ಲಿ ಸಾಗುವುದರಿಂದ ದಾರಿಯುದ್ದಕ್ಕೂ ತೇಲಲೇಬೇಕು. 1961ರಲ್ಲಿ ಗಗಾರಿನ್ ಭೂಮಿಯ ಸಮೀಪದಲ್ಲಿಯೇ ಆ ಭಾರಹೀನತೆಯನ್ನು ಅನುಭವಿಸಿದನು. ಕಾರಣ ತಪ್ಪಾದರೂ ಚಿತ್ರದ ನೋಟ ಸರಿ! ಪರೀಕ್ಷೆಯಲ್ಲಿ ಉತ್ತರ ಸರಿ, ವಿವರಣೆ ತಪ್ಪು ಎಂದಾಗ ನಾವು ಅರ್ಧ ಅಂಕ ಕೊಡುವುದಿಲ್ಲವೇ, ಹಾಗೆ.

ಲೇಖಕರಿಗೇ ಚಿತ್ರ ಹಿಡಿಸದ ನಿದರ್ಶನವೂ ಇದೆ. ಇಂಗ್ಲೆಂಡಿನ ವೆಲ್ಸ್ ಬರೆದ ಮಂಗಳವಾಸಿಗಳ ದಾಳಿಯ ಕಥೆ 1897ರಲ್ಲಿ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ವಾರ್ವಿಕ್ ಗೋಬಲ್ ಚಿತ್ರಗಳನ್ನು ಬರೆದಿದ್ದನು. 1898ರಲ್ಲಿ ಅದು ಪುಸ್ತಕವಾದಾಗ, ಮಂಗಳವಾಸಿಗಳ ಯಂತ್ರಗಳನ್ನು ಚೈತನ್ಯವಿಲ್ಲದ ಬಿರುಸು ಕಾಲುಗಳ ಬೊಂಬೆಗಳಂತೆ ತೋರಿಸಿದ ಚಿತ್ರಕಾರನೊಬ್ಬನನ್ನು ಕಥೆಯ ನಿರೂಪಕನ ಬಾಯಿಂದಲೇ ವೆಲ್ಸ್ ಆಕ್ಷೇಪಿಸಿದನು. ನಮ್ಮ ದೇಶದ ಸತ್ಯಜಿತ್ ರಾಯ್ ಅವರಿಗೆ ಈ ತಾಪತ್ರಯವಿರಲಿಲ್ಲ. 1961ರಿಂದ ಬಂಗಾಳಿಯ ‘ಸಂದೇಶ್’ ಪತ್ರಿಕೆಗೆ ಪ್ರೊಫೆಸರ್ ಶಂಕುವಿನ ಕಥೆಗಳನ್ನು ಬರೆದವರೂ ಅವರೇ, ಚಿತ್ರಿಸಿದವರೂ ಅವರೇ. ಆ ಭಾಗ್ಯ ಎಲ್ಲರಿಗೂ ಎಲ್ಲಿಯದು?

ಇನ್ನು ನನ್ನ ನಿಜವಾದ ದೂರಿಗೆ ಬರುತ್ತೇನೆ. ನಾಟಿಲಸ್ಸಿನ ಒಡೆಯ ಕ್ಯಾಪ್ಟನ್ ನೆಮೊ ಯಾವ ದೇಶದವನು? ಮೊದಲು ವರ್ನ್ ಅವನನ್ನು ರಷ್ಯದ ದಬ್ಬಾಳಿಕೆಗೆ ತುತ್ತಾದ ಪೋಲೆಂಡಿನವನನ್ನಾಗಿ ಮಾಡಬೇಕೆಂದಿದ್ದನು, ಹೆಟ್ಜೆಲ್ ಒಪ್ಪಲಿಲ್ಲ. ಆದುದರಿಂದ ಪುಸ್ತಕದಲ್ಲಿ ಅದು ಗುಟ್ಟಾಗಿಯೇ ಉಳಿಯಿತು. ನೆಮೊನನ್ನು ಮೊದಲು ಕಂಡ ಪ್ರೊಫೆಸರ್ ಅರೋನಾಕ್ಸ್, ಇವನು ಸ್ಪೇನಿನವನೋ ತುರ್ಕನೋ ಅರಬನೋ ಭಾರತೀಯನೋ ಎಂದು ನಿರ್ಣಯಿಸಲಾರದೆ ಹೋಗುತ್ತಾನೆ. ಸಿಂಹಳದ ಕಡಲಿನಲ್ಲಿ ಮುತ್ತು ಹೆಕ್ಕುವ ಬಡವನೊಬ್ಬನನ್ನು ಶಾರ್ಕ್ ಮೀನಿನಿಂದ ಉಳಿಸಿದ ನೆಮೊ, ತುಳಿತಕ್ಕೊಳಗಾದವರ ನಾಡೇ ತನ್ನ ನಾಡು ಎಂಬರ್ಥದ ಮಾತನಾಡುತ್ತಾನೆ. ಬರಹವು ಬಾಗಿಲನ್ನು ತೆರೆದೇ ಇಟ್ಟಿತ್ತು. ಚಿತ್ರ ಅದನ್ನು ಮುಚ್ಚಿತು. ನೆಮೊನ ಮುಖಕ್ಕೆ, ಮೂರನೆಯ ನೆಪೋಲಿಯನ್ನನನ್ನು ವಿರೋಧಿಸಿ ದೇಶಭ್ರಷ್ಟನಾದ ಫ್ರೆಂಚ್ ಸೇನಾಧಿಕಾರಿ ಶರ್ರಾಸನ ಮುಖವೇ ಮಾದರಿಯಾಯಿತು. ಹಾಗೆ ಸೂಚಿಸಿದವನು ಸ್ವತಃ ವರ್ನ್.

ಮೂರು ವರ್ಷಗಳ ಬಳಿಕ, 1874ರಿಂದ 1875ರವರೆಗೆ ಪ್ರಕಟವಾದ ‘ರಹಸ್ಯ ದ್ವೀಪ’ದ ಕಥೆಯಲ್ಲಿ ಗುಟ್ಟು ಬಯಲಾಗುತ್ತದೆ. ನೆಮೊ ಎಂದರೆ ಬುಂದೇಲಖಂಡದ ರಾಜಕುಮಾರ ದಕ್ಕರ್. 1857ರ ಸಂಗ್ರಾಮದಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿ ಮನೆಮಂದಿಯನ್ನೆಲ್ಲ ಕಳೆದುಕೊಂಡವನು. ಅಷ್ಟೇ ಅಲ್ಲ, ಅವನು ಟೀಪು ಸುಲ್ತಾನನ ಬಂಧು ಎಂದೂ ವರ್ನ್ ಬರೆದಿದ್ದಾನೆ. ಶ್ರೀರಂಗಪಟ್ಟಣಕ್ಕೂ ಬುಂದೇಲಖಂಡಕ್ಕೂ ಅವನು ಬೆಸೆದ ಈ ನೆಂಟಸ್ತನ ಕೇವಲ ಕಲ್ಪನೆ. ಆದರೂ 1799ರಲ್ಲಿ ಮಡಿದ ಮೈಸೂರಿನ ದೊರೆಯ ಹೆಸರು ಫ್ರಾನ್ಸಿನ ಕಾದಂಬರಿಕಾರನ ಲೇಖನಿಯಲ್ಲಿ ಹಾಗೆ ಉಳಿದಿತ್ತೆಂಬುದು ಕನ್ನಡಿಗರಿಗೆ ಸಣ್ಣ ಸಂಗತಿಯಲ್ಲ. ಆದರೆ ಅಷ್ಟರಲ್ಲಿ ಓದುಗರ ಮನಸ್ಸಿನಲ್ಲಿ ಐರೋಪ್ಯ ಮುಖವೊಂದು ಅಚ್ಚೊತ್ತಿ ಆಗಿತ್ತು. 1954ರ ಡಿಸ್ನಿ ಚಲನಚಿತ್ರದಲ್ಲಿಯೂ ನೆಮೊನ ಪಾತ್ರ ಇಂಗ್ಲಿಷ್ ನಟ ಜೇಮ್ಸ್ ಮೇಸನ್ನನ ಪಾಲಾಯಿತು. ಇಂಗ್ಲಿಷರ ಕಡುವೈರಿಗೆ ಇಂಗ್ಲಿಷನ ಮುಖ! ಬರಹವನ್ನು ತಿದ್ದಬಹುದು, ಮುಂದಿನ ಪುಸ್ತಕದಲ್ಲಿ ವಿವರಿಸಬಹುದು. ಕಣ್ಣಿನಲ್ಲಿ ಕುಳಿತ ಮುಖವನ್ನು ಎಬ್ಬಿಸುವುದು ಕಷ್ಟ.

ಹೀಗಿರಲು ಯಂತ್ರ, ಸ್ಥಳ, ಗಾತ್ರ ಇವುಗಳಿಗೆ ಚಿತ್ರ ಬೇಕು, ನಾಯಕನ ಮುಖಕ್ಕೆ ಆದಷ್ಟು ಬೇಡ ಎಂಬುದು ನನ್ನ ಮತ. ಮನೆಯಲ್ಲಿ ಮಗುವಿಗೆ ಓದಿ ಹೇಳುವ ತಾಯಂದಿರು ಮೊದಲು ಅಧ್ಯಾಯವನ್ನು ಓದಿ, ಚಿತ್ರವನ್ನು ಆಮೇಲೆ ತೋರಿಸಲಿ. ಗಡಿಯಾಚೆಯ ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡದ ಓದು ನಿಧಾನ. ಚಿತ್ರ ಕಂಡೊಡನೆ ಅಕ್ಷರವನ್ನು ಬಿಟ್ಟುಬಿಡುತ್ತಾರೆ.

ಪ್ರಕಾಶಕರಿಗೂ ಒಂದು ಮಾತು. ನವಿಲ್ 1885ರಲ್ಲಿಯೂ ರಿಯು 1900ರಲ್ಲಿಯೂ ತೀರಿಕೊಂಡರು. ಅವರ ಚಿತ್ರಗಳಿಗೆ ಈಗ ಯಾರ ಹಕ್ಕೂ ಇಲ್ಲ, ಯಾರು ಬೇಕಾದರೂ ಅಚ್ಚು ಹಾಕಬಹುದು. ಹಡಗನ್ನೂ ಕಡಲನ್ನೂ ಅವರಿಂದಲೇ ಧಾರಾಳವಾಗಿ ತೆಗೆದುಕೊಳ್ಳಲಿ. ನೆಮೊನನ್ನು ಮಾತ್ರ ‘ರಹಸ್ಯ ದ್ವೀಪ’ವನ್ನು ಓದಿದ ನಮ್ಮ ಕಲಾವಿದರೊಬ್ಬರಿಂದ ಹೊಸದಾಗಿ ಬರೆಸಲಿ.