ಆರು ಖಂಡ, ಒಂದು ರೆಸ್ಯೂಮೆ

ನಾಲ್ಕು ವರ್ಷದಲ್ಲಿ ಮೂರು ಕಂಪನಿ ಬದಲಾಯಿಸಿದವರ ರೆಸ್ಯೂಮೆ ಕಂಡರೆ ಎಚ್‌ಆರ್‌ನವರು ಹುಬ್ಬು ಗಂಟಿಕ್ಕುತ್ತಾರೆ. ಅವರ ಕೈಗೆ ಲುಟ್ಜ್ ಫಾನೆನ್‌ಸ್ಟೀಲ್ ರೆಸ್ಯೂಮೆ ಕೊಡಬೇಕು ಕಣ್ರೀ!

1973ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈ ಫುಟ್‌ಬಾಲ್ ಗೋಲ್‌ಕೀಪರ್ ಆಡಿದ್ದು 20ಕ್ಕೂ ಹೆಚ್ಚು ಕ್ಲಬ್‌ಗಳಿಗೆ. ಬೇಯರ್ನ್ ಮ್ಯೂನಿಕ್‌ನ ಅಮೆಚೂರ್ ತಂಡ ಕರೆದರೂ ಬೇಡ ಅಂದು ಮಲೇಷ್ಯಾಕ್ಕೆ ಹೊರಟ. ಆಮೇಲೆ ಇಂಗ್ಲೆಂಡ್, ದಕ್ಷಿಣ ಆಫ್ರಿಕಾ, ಸಿಂಗಾಪುರ, ನ್ಯೂಜಿಲೆಂಡ್, ಕೆನಡಾ... 2008ರಲ್ಲಿ ಬ್ರೆಜಿಲ್‌ನಲ್ಲಿ ಆಡಿದಾಗ ಫಿಫಾದ ಆರೂ ಒಕ್ಕೂಟಗಳಲ್ಲಿ ವೃತ್ತಿಪರನಾಗಿ ಆಡಿದ ಮೊದಲಿಗನಾದ.

ಓದೋಕೆ ಮಜಾ. ಆದ್ರೆ ಗೋಲ್‌ಕೀಪರ್ ಪಾಡು ಯೋಚಿಸಿ: ಹನ್ನೊಂದು ಜನರ ತಂಡದಲ್ಲಿ ಅವನಿಗಿರೋದು ಒಂದೇ ಸೀಟು. ಸ್ಟ್ರೈಕರ್ ಆದರೆ ಕೊನೆಯ ಹತ್ತು ನಿಮಿಷಕ್ಕಾದರೂ ಇಳಿಸುತ್ತಾರೆ. ಎರಡನೇ ಗೋಲ್‌ಕೀಪರ್ ಇಡೀ ಸೀಸನ್ ಬೆಂಚ್ ಮೇಲೆ. ನಮ್ಮ ಐಟಿಯ 'ಬೆಂಚ್' ಇದರ ಮುಂದೆ ಸ್ವರ್ಗ, ಬಿಡಿ. ಆಡಬೇಕು ಅಂದರೆ ಊರು ಬಿಡಲೇಬೇಕು.

ಬಿಟ್ಟ ಊರುಗಳಲ್ಲಿ ಎಲ್ಲವೂ ಚೆನ್ನಾಗಿರಲಿಲ್ಲ. ಸಿಂಗಾಪುರದಲ್ಲಿ ಮ್ಯಾಚ್ ಫಿಕ್ಸಿಂಗ್ ಕೇಸಿನಲ್ಲಿ 101 ದಿನ ಜೈಲು. ತಾನು ತಪ್ಪು ಮಾಡಿಲ್ಲ ಅಂತಲೇ ಆತ ಹೇಳುತ್ತಾ ಬಂದಿದ್ದಾನೆ. 2002ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಾರ್ಕ್ ಅವೆನ್ಯೂ ಪರ ಆಡುವಾಗ ಎದುರಾಳಿಗೆ ಡಿಕ್ಕಿಯಾಗಿ ಉಸಿರೇ ನಿಂತಿತು. ಮೈದಾನದಲ್ಲೇ ಜೀವ ಉಳಿಸಿದರು. ಅಷ್ಟಾದ ಮೇಲೂ ಮತ್ತೆ ಗ್ಲೋವ್ಸ್ ಹಾಕಿದ. ಅದು ಆಟದ ಹುಚ್ಚೋ, ಬೇರೆ ಕಸುಬು ಗೊತ್ತಿಲ್ಲದ್ದೋ? ನನಗಂತೂ ಎರಡೂ ಅನ್ನಿಸುತ್ತೆ.

ಮುಂದೆ ಅಮೆರಿಕದ ಸೇಂಟ್ ಲೂಯಿಸ್ ಸಿಟಿ ಕ್ಲಬ್ಬಿಗೆ ಕ್ರೀಡಾ ನಿರ್ದೇಶಕನಾದ. ಆಟಗಾರರನ್ನು ಆರಿಸುವ ಕೆಲಸ. ಆ ಹೊಸ ತಂಡ 2023ರ ಮೊದಲ ಸೀಸನ್ನಿನಲ್ಲೇ ತನ್ನ ವಿಭಾಗದಲ್ಲಿ ಅಗ್ರಸ್ಥಾನಕ್ಕೇರಿತು.