ಹಾಲುಹಲ್ಲಿನ ನಗೆಗೆ ಮುಸುಕು ಬೇಡ
ಕನ್ನಡ ನಾಡಿನ ತಂದೆತಾಯಂದಿರಲ್ಲಿ ಒಂದು ಬಿನ್ನಹ



ಆರೇಳು ವರ್ಷದ ಮಗುವಿನ ಮುಂಬಲ್ಲು ಬಿದ್ದು, ಅದು ಬೊಚ್ಚುಬಾಯಿ ತೆರೆದು ನಕ್ಕಾಗ ಮನೆಮಂದಿಯೆಲ್ಲ ಹಿಗ್ಗುವುದು ಲೋಕರೂಢಿ. ಬಿದ್ದ ಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಮಾಡಿನ ಮೇಲಕ್ಕೆಸೆದ ನೆನಪು ನಮ್ಮಲ್ಲಿ ಅನೇಕರಿಗೆ ಉಂಟು. ಆದರೆ ಹಲ್ಲು ಬಿದ್ದ ಆ ತೆರಪನ್ನೇ ಕುಂದೆಂದು ಬಗೆದು, 'ಫ್ಲಿಪ್ಪರ್' ಎಂಬ ಕೃತಕ ದಂತಪಂಕ್ತಿಯನ್ನು ವಸಡಿಗೆ ತೊಡಿಸಿ, ಮೈಗೆ ಕಂದುಬಣ್ಣವನ್ನು ಸಿಂಪಡಿಸಿ, ರೆಪ್ಪೆಗಳಿಗೆ ಹುಸಿಗೂದಲನ್ನಂಟಿಸಿ, ಹೋಟೆಲಿನ ಸಭಾಂಗಣದಲ್ಲಿ ತೀರ್ಪುಗಾರರ ಎದುರಿಗೆ ಹಸುಳೆಗಳನ್ನು ನಡೆಯಿಸುವ ಸೌಂದರ್ಯಸ್ಪರ್ಧೆಗಳು ಅಮೆರಿಕದಲ್ಲಿ ನಡೆಯುತ್ತವೆ.

ಒಂದು ಕಾಲಕ್ಕೆ 'ದಿ ಲರ್ನಿಂಗ್ ಚಾನೆಲ್' ಎಂಬ ಹೆಸರಿನಿಂದ ವಿದ್ಯಾಪ್ರಸಾರಕ್ಕೆ ಮೀಸಲಾಗಿದ್ದ ಟಿ.ಎಲ್.ಸಿ. ವಾಹಿನಿಯು, 2009ರಲ್ಲಿ 'ಟಾಡ್ಲರ್ಸ್ ಅಂಡ್ ಟಿಯಾರಾಸ್' ಎಂಬ ರಿಯಾಲಿಟಿ ಕಾರ್ಯಕ್ರಮವನ್ನಾರಂಭಿಸಿ, ಈ ಸ್ಪರ್ಧೆಗಳನ್ನು ಮನೆಮನೆಯ ನೋಟವನ್ನಾಗಿ ಮಾಡಿತು. ಇದ್ದುದನ್ನು ಇದ್ದಂತೆ ತೋರಿಸುವುದಷ್ಟೇ ಇಂಥ ಕಾರ್ಯಕ್ರಮಗಳ ಕೆಲಸವೆಂಬ ಸಮರ್ಥನೆಯನ್ನು ನಾವು ಒಪ್ಪಲಾಗದು. ದೀರ್ಘ ಚಿತ್ರೀಕರಣದಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಕತ್ತರಿಸಬೇಕೆಂದು ನಿರ್ಣಯಿಸುವವರು ನಿರ್ಮಾಪಕರು. ಮಗುವಿನ ಹಟ, ನಿದ್ದೆಗೆಟ್ಟ ಅಳು, ತಾಯಿಯ ಗದರಿಕೆ, ಇವು ಮತ್ತೆ ಮತ್ತೆ ತೆರೆಯ ಮೇಲೆ ಉಳಿದುಬಂದದ್ದು ಆಕಸ್ಮಿಕವಲ್ಲ.

2011ರಲ್ಲಿ ಈ ಕಾರ್ಯಕ್ರಮದಲ್ಲಿ ಮೂರು ವರ್ಷದ ಕೂಸೊಂದಕ್ಕೆ ಚಲನಚಿತ್ರವೊಂದರ ವೇಶ್ಯೆಯ ಉಡುಪನ್ನು ತೊಡಿಸಿದ ದೃಶ್ಯವು ಪ್ರಸಾರವಾದಾಗ ಜನರು ತಾಯಿಯನ್ನು ಹಳಿದರು. ಮತ್ತೊಬ್ಬ ತಾಯಿಯು, ಸ್ಪರ್ಧೆಯಲ್ಲಿ ಮಗಳು ಚುರುಕಾಗಿರಲೆಂದು, ಸೋಡಾಪಾನೀಯಕ್ಕೆ ಎನರ್ಜಿ ಡ್ರಿಂಕ್ ಬೆರೆಸಿ ಕುಡಿಸಿದುದನ್ನು ಕಂಡು ಆಗಲೂ ಹಳಿದರು. ಆದರೆ ವಾಹಿನಿಯು 2012ರ ಆಗಸ್ಟಿನಲ್ಲಿ ಈ ಎರಡನೆಯ ತಾಯಿಯ ಕುಟುಂಬದ ಮೇಲೆಯೇ ಒಂದು ಪ್ರತ್ಯೇಕ ಕಾರ್ಯಕ್ರಮವನ್ನು ಹೊರತಂದಿತು. ಜನರ ಧಿಕ್ಕಾರವೂ ಅಲ್ಲಿ ಸರಕಾಯಿತು. ತಾಯಿಯ ತಪ್ಪನ್ನು ನಾನು ಮರೆಮಾಚುವವನಲ್ಲ. ಆದರೆ ಹಳಿಯಲು ಒಬ್ಬ ತಾಯಿಯನ್ನು ನಮ್ಮೆದುರಿಗೆ ನಿಲ್ಲಿಸಿ, ಅಳುವ ಮಗುವನ್ನು ನೋಡುತ್ತ ಕುಳಿತ ನಮ್ಮನ್ನೂ, ಆ ನೋಟವನ್ನು ಮಾರಿದ ವಾಹಿನಿಯನ್ನೂ ನಿರ್ದೋಷಿಗಳನ್ನಾಗಿ ಮಾಡುವುದೇ ಇಂಥ ಚಿತ್ರಣದ ಮೂಲದೋಷವೆಂದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಕಾನೂನಿನ ಕಡಿವಾಣ ಹಾಕುವ ಯತ್ನಗಳೂ ನಡೆದಿವೆ. 2013ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಸೆನೆಟ್ಟು, 16 ವರ್ಷದೊಳಗಿನವರ ಸೌಂದರ್ಯಸ್ಪರ್ಧೆಗಳನ್ನು ನಿಷೇಧಿಸಬೇಕೆಂದು ಮತವಿತ್ತಿತು. ನಮ್ಮ ದೇಶದಲ್ಲಿ, 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳ ಪ್ರಕಾರ, ಬಾಲಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದು; ಅವರ ಗಳಿಕೆಯ ಶೇಕಡಾ 20ರಷ್ಟನ್ನಾದರೂ ಅವರ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿಡಬೇಕು; ಅವರ ಇಚ್ಛೆಗೆ ವಿರೋಧವಾಗಿ ಅವರನ್ನು ತೊಡಗಿಸಲೂ ಕೂಡದು. ನಿಯಮಗಳು ಒಳ್ಳೆಯವೇ. ಆದರೆ ಮೂರು ವರ್ಷದ ಮಗುವಿನ ಇಚ್ಛೆಯನ್ನು ಕೇಳಿ ತಿಳಿಯುವ ಬಗೆ ಹೇಗೆ? ತನ್ನ ಅಳು ಲಕ್ಷಾಂತರ ಮನೆಗಳಿಗೆ ತಲಪುವುದೆಂದು, ತಾನು ದೊಡ್ಡವಳಾದ ಮೇಲೂ ಅದು ಉಳಿಯುವುದೆಂದು ಆ ಮಗು ಬಲ್ಲುದೆ?

ಕನ್ನಡ ವಾಹಿನಿಗಳಲ್ಲಿಯೂ ಮಕ್ಕಳ ರಿಯಾಲಿಟಿ ಕಾರ್ಯಕ್ರಮಗಳು ನಡೆಯುತ್ತಿವೆ. ಹಾಡು, ಕುಣಿತ, ನಾಟಕಗಳಿಗೆ ನಾನು ವಿರೋಧಿಯಲ್ಲ. ಕಲೆಯು ಮಗುವಿಗೆ ಭೂಷಣವೇ ಸರಿ. ಆದರೆ ವಯಸ್ಸಿಗೆ ಮೀರಿದ ವೇಷವನ್ನಾಗಲಿ, ಸೋತ ಮಗುವಿನ ಕಣ್ಣೀರನ್ನು ಸಮೀಪದಿಂದ ಹಿಡಿದು ತೋರಿಸುವುದನ್ನಾಗಲಿ ಕಂಡೊಡನೆ, ತಾಯಿಯನ್ನು ಬೈದು ನೋಡುತ್ತ ಕೂಡದೆ, ದಯವಿಟ್ಟು ಟಿ.ವಿ.ಯನ್ನು ಆರಿಸಿರಿ, ಏಕೆ ಆರಿಸಿದಿರೆಂಬುದನ್ನು ವಾಹಿನಿಗೆ ಎರಡು ಸಾಲು ಬರೆದು ತಿಳಿಸಿರಿ. ನೋಡುವವರಿಲ್ಲದ ನೋಟವನ್ನು ಯಾರೂ ಬಹುಕಾಲ ಮಾರಲಾರರು.

ಓದಿದ ಮೇಲೆ ಈ ಕರಪತ್ರವನ್ನು ನೆರೆಮನೆಗೂ ಕೊಡಬೇಕಾಗಿ ವಿನಂತಿ.